ಕೋವಿ ಯಾರದ್ದು ಎಂಬುದೇ ಕೋವಿಯ ವ್ಯಾಖ್ಯಾನ

ಹುಡುಗರು ಮಾವಿನಕಾಯಿ ಉದುರಿಸುವ ಕ್ಯಾಟರ್‌ಬಿಲ್ಲು ಬಂದೂಕೇ? ನಗುವ ಮೊದಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಸೆಕ್ಷನ್ ತೆಗೆದು ನೋಡಿ. ಸಿಡಿಮದ್ದಿನ ಬಲದಿಂದಾಗಲಿ, ಬೇರಾವುದೇ ಬಗೆಯ ಶಕ್ತಿಯಿಂದಾಗಲಿ, ಯಾವುದೇ ಬಗೆಯ ಗುಂಡನ್ನು ಚಿಮ್ಮಿಸಲೆಂದು ತಯಾರಿಸಿದ ಅಥವಾ ಮಾರ್ಪಡಿಸಿದ ಆಯುಧ ಅಲ್ಲಿ ಬಂದೂಕು. ಫಿರಂಗಿಯೂ ಅದೇ, ಕೈಬಾಂಬೂ ಅದೇ, ವಿಷಾನಿಲ ಚಿಮ್ಮಿಸುವ ಸಾಧನವೂ ಅದೇ. ಸದ್ದಡಗಿಸುವ ಕೊಳವೆ, ಬಿಡಿಭಾಗ, ಬಂದೂಕು ತಯಾರಿಸುವ ಯಂತ್ರ ಕೂಡ ಬಂದೂಕೇ. ಅಕ್ಷರಶಃ ಓದಿದರೆ ರಬ್ಬರಿನ ಎಳೆತವೂ ಒಂದು ಶಕ್ತಿ, ಅದರಿಂದ ಹಾರುವ ಕಲ್ಲೂ ಒಂದು ಗುಂಡು. ಕ್ಯಾಟರ್‌ಬಿಲ್ಲನ್ನು ಬದುಕಿಸುವುದು ಅದೇ ಸೆಕ್ಷನ್ನಿನಲ್ಲಿ ತುಸು ಮೇಲಿರುವ ಇನ್ನೊಂದು ಸಾಲು: ಆಟಿಕೆಯಾಗಿ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದ್ದು ಆಯುಧವಲ್ಲ. ಕ್ಯಾಟರ್‌ಬಿಲ್ಲಿನಿಂದ ಕಾಜಾಣ ಹೊಡೆದವರಿಗೆ ಈ ಸಾಲೂ ಎಷ್ಟು ತೆಳುವಾದದ್ದೆಂದು ಗೊತ್ತು.

ನಾನು ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ, ವಕೀಲಿಕೆ ಓದಿದ ಆಸಾಮಿಯಲ್ಲ. ಆದರೆ ವ್ಯಾಖ್ಯಾನವೂ ಒಂದು ಪಠ್ಯವೇ ತಾನೆ. ಏನನ್ನು ಒಳಗೆ ಬಿಟ್ಟುಕೊಂಡಿದೆ, ಏನನ್ನು ಹೊರಗಿಟ್ಟಿದೆ, ಯಾರ ಕಡೆ ನೋಡದೆ ನೋಡುತ್ತಿದೆ ಎಂದು ಪದ್ಯವನ್ನು ಕೇಳುವಂತೆಯೇ ಕಾಯ್ದೆಯನ್ನೂ ಕೇಳಬಹುದು. ಹಾಗೆ ಕೇಳಿದಾಗ ನನಗೆ ಸಿಕ್ಕ ಉತ್ತರ ಅಷ್ಟೇನೂ ಹಿತವಾದದ್ದಲ್ಲ. ನಮ್ಮ ಪ್ರಭುತ್ವ ಬಂದೂಕನ್ನು ವ್ಯಾಖ್ಯಾನಿಸುವಂತೆ ಕಾಣಿಸಿಕೊಳ್ಳುತ್ತದೆ. ನಿಜವಾಗಿ ಅದು ವ್ಯಾಖ್ಯಾನಿಸುತ್ತ ಬಂದಿರುವುದು ಬಂದೂಕು ಹಿಡಿದವನನ್ನು. ಅದರಲ್ಲಿ ಬ್ರಿಟಿಷರು ಹಾಕಿಕೊಟ್ಟ ಗೆರೆಯನ್ನು ಗಣರಾಜ್ಯವೂ ದಾಟಿಲ್ಲ.

ವಸ್ತುವನ್ನು ಅಳೆಯಲು ಕಾನೂನಿಗೆ ಬರುವುದಿಲ್ಲ ಎಂದಲ್ಲ. ಮನಸ್ಸು ಮಾಡಿದರೆ ಚೆನ್ನಾಗಿಯೇ ಅಳೆಯುತ್ತದೆ. 2016ರ ನಿಯಮಗಳು ಏರ್‌ಗನ್‌ಗಳನ್ನು ವಿಂಗಡಿಸಿದ್ದು ಗುಂಡು ಹೊರಬೀಳುವಾಗಿನ ಶಕ್ತಿಯಿಂದ: 20 ಜೌಲ್ ಮೀರಿದರೆ ಲೈಸೆನ್ಸ್ ಬೇಕು. ಬೇಟೆಗೂ ಸ್ವರಕ್ಷಣೆಗೂ ಕೊಡುವ ನುಣುಪು ನಳಿಗೆಯ ಬಂದೂಕಿನ ನಳಿಗೆ 20 ಇಂಚಿಗೆ ಕಡಿಮೆ ಇರಬಾರದೆಂದು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ನಿಷೇಧಿತ ಆಯುಧ. ಇವೆಲ್ಲ ಅಳತೆಗಳು. ಯಾರ ಕೈಯಲ್ಲಿದ್ದರೂ ಬದಲಾಗುವುದಿಲ್ಲ.

ಅಳತೆಯಿಂದ ತಪ್ಪಿಸಿಕೊಳ್ಳುವ ವಸ್ತುಗಳೂ ಇವೆ. ಮಲೆನಾಡಿನ ತೋಟಗಳಲ್ಲಿ ಮಂಗ ಓಡಿಸಲು ಪಿವಿಸಿ ಪೈಪಿನೊಳಗೆ ಕಾರ್ಬೈಡ್ ಹಾಕಿ, ನೀರು ತಾಗಿಸಿ, ಕಿಡಿ ಹೊತ್ತಿಸಿ ಢಂ ಎನಿಸುತ್ತಾರೆ. ಗುಂಡಿಲ್ಲ, ಸದ್ದು ಮಾತ್ರ. ಗುಂಡು ಚಿಮ್ಮದಿದ್ದರೆ ವ್ಯಾಖ್ಯಾನದ ಪ್ರಕಾರ ಅದು ಬಂದೂಕಾಗುವುದು ಕಷ್ಟ. 2025ರ ದೀಪಾವಳಿಯಲ್ಲಿ ಇದೇ ಪೈಪು ಆಟಿಕೆಯಾಗಿ ಮಾರಾಟವಾಗಿ, ಭೋಪಾಲ ಸೇರಿದಂತೆ ಮಧ್ಯಪ್ರದೇಶದ ಹಲವೆಡೆ ಮಕ್ಕಳ ಕಣ್ಣು ತೆಗೆಯಿತು. ಕಣ್ಣು ಕಳೆಯುವ ಪೈಪು ಬಂದೂಕಲ್ಲ, ಅಟ್ಟದ ಮೇಲೆ ಬಿಡಿಯಾಗಿ ಬಿದ್ದಿರುವ ನಳಿಗೆಯ ತುಂಡು ಬಂದೂಕು. ಇಂಥ ವಿಚಿತ್ರಗಳು ಎಲ್ಲ ವ್ಯಾಖ್ಯಾನಗಳಲ್ಲೂ ಇರುತ್ತವೆ, ತಿದ್ದಿಕೊಂಡರೆ ಮುಗಿಯಿತು. ನನ್ನ ತಕರಾರು ಅದರ ಬಗ್ಗೆ ಅಲ್ಲ.

ತಕರಾರು ಶುರುವಾಗುವುದು 41ನೇ ಸೆಕ್ಷನ್ನಿನಲ್ಲಿ. ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡರೆ ಕೇಂದ್ರ ಸರ್ಕಾರ ಯಾವುದೇ ವ್ಯಕ್ತಿಗೆ ಅಥವಾ ಯಾವುದೇ ವರ್ಗದ ವ್ಯಕ್ತಿಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡಬಹುದು. ಅಂದರೆ ಎರಡನೇ ಸೆಕ್ಷನ್ನಿನಲ್ಲಿ ಅಷ್ಟು ಹರವಾಗಿ ಕಟ್ಟಿದ ಬೇಲಿಗೆ 41ನೇ ಸೆಕ್ಷನ್ನಿನಲ್ಲಿ ಒಂದು ಉಣಗೋಲಿದೆ. ಯಾರು ಬಂದರೆ ಅದು ಸರಿಯುತ್ತದೆ ಎಂಬುದೇ ಪ್ರಶ್ನೆ. ನಮ್ಮ ರಾಜ್ಯದ ಮಟ್ಟಿಗೆ ಉತ್ತರ ಎಲ್ಲರಿಗೂ ಗೊತ್ತು. 1963ರ ಅಧಿಸೂಚನೆಯ ಪ್ರಕಾರ 'ಕೂರ್ಗ್ ಜನಾಂಗ'ಕ್ಕೆ ಸೇರಿದ ಪ್ರತಿಯೊಬ್ಬರಿಗೂ, ಕೊಡಗಿನಲ್ಲಿ ಜಮ್ಮಾ ಹಿಡುವಳಿ ಹೊಂದಿರುವ ಪ್ರತಿಯೊಬ್ಬರಿಗೂ ವಿನಾಯಿತಿ ಉಂಟು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 10 ವರ್ಷಗಳಿಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡವರು ಯೋಧ ಸಮುದಾಯ, ಸ್ವಾತಂತ್ರ್ಯಪೂರ್ವದಿಂದಲೂ ಈ ಸವಲತ್ತು ಅನುಭವಿಸಿಕೊಂಡು ಬಂದವರು, ವಿನಾಯಿತಿಗೆ ಅವಧಿಯೂ ಷರತ್ತೂ ಇವೆ ಎಂಬುದು ಅಲ್ಲಿ ಕಂಡ ಸಮರ್ಥನೆ.

ಈ 'ಯೋಧ ಸಮುದಾಯ' ಎಂಬ ಮಾತು ಎಲ್ಲಿಂದ ಬಂತು? ಉತ್ತರಕ್ಕೆ ಕೊಡಗಿನಿಂದ ಉತ್ತರಕ್ಕೆ, ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಗೆ ಹೋಗಬೇಕು.

ಹತ್ತನೇ ತರಗತಿಯಲ್ಲಿ ಕನ್ನಡ ಓದಿದ ಬಹುಪಾಲು ಮಂದಿಗೆ ಹಲಗಲಿ ಬೇಡರ ಲಾವಣಿ ನೆನಪಿರುತ್ತದೆ. ಶಾಸನತಜ್ಞ ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಲಾವಣಿ ಅದು. ನಾವು ಅದನ್ನು ಶೌರ್ಯದ ಹಾಡಾಗಿ ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು. ಆದರೆ ಅದು ಮೂಲತಃ ಒಂದು ಶಸ್ತ್ರಾಸ್ತ್ರ ಕಾನೂನಿನ ಕಥೆ ಎಂದು ಯಾವ ಮೇಷ್ಟ್ರೂ ನಮಗೆ ಒತ್ತಿ ಹೇಳಲಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ತಂದಿತು. ಆಯುಧಗಳನ್ನು ಬರೆಸಿ, ಒಪ್ಪಿಸಿ ಎಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಹೊಟ್ಟೆಪಾಡಿನ ಸಾಧನ, ರೈತನಿಗೆ ಕುಡುಗೋಲಿದ್ದ ಹಾಗೆ. ಅವರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು.

ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಸಿಯುವ ಕಾನೂನಿನಿಂದ ಹೊರಗಿಟ್ಟರು. ಕೊಟ್ಟ ಕಾರಣ ನಿಷ್ಠೆ ಮತ್ತು ಶೌರ್ಯ. ಬೆಂಗಳೂರಿನಲ್ಲಿ ನಾವು ಹೆಸರು ಹೇಳಿ ಗಾಳಿ ಸೇವಿಸುವ ಉದ್ಯಾನದ ಕಬ್ಬನ್ ಅವರೇ.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಲಗಲಿಯಲ್ಲಿದ್ದದ್ದೂ ಆಯುಧ, ಮಡಿಕೇರಿಯಲ್ಲಿದ್ದದ್ದೂ ಆಯುಧ. ಇಬ್ಬರೂ ಬೇಟೆಯಾಡುತ್ತಿದ್ದರು, ಇಬ್ಬರಿಗೂ ಅದು ಮರ್ಯಾದೆಯ ವಸ್ತುವಾಗಿತ್ತು. ಒಬ್ಬರಿಗೆ ನೇಣು, ಒಬ್ಬರಿಗೆ ಸನದು. ನಡುವೆ ಬದಲಾದದ್ದು ಆಳುವವರ ಬಗ್ಗೆ ಯಾರು ಹೇಗಿದ್ದರು ಎಂಬ ಲೆಕ್ಕ ಒಂದೇ. ಬೇಡರೇನು ಯೋಧರಾಗಿರಲಿಲ್ಲವೇ? ವಿಜಯನಗರದ ದಂಡುಗಳಲ್ಲಿ, ಸುರಪುರ ಚಿತ್ರದುರ್ಗಗಳ ಕೋಟೆಗಳಲ್ಲಿ ಅವರ ಹೆಸರಿಲ್ಲವೇ? 'ಯೋಧ ಜನಾಂಗ' ಎಂಬುದು ಶೌರ್ಯಕ್ಕೆ ಕೊಟ್ಟ ಬಿರುದಾಗಿದ್ದರೆ ಅದು ಹಲಗಲಿಗೂ ಸಿಗಬೇಕಿತ್ತು. ಅದು ತಮ್ಮ ಕಡೆಗೆ ಹೋರಾಡಿದ ಶೌರ್ಯಕ್ಕೆ ಕೊಟ್ಟ ಬಿರುದು. ಅದೇ ಪೆನ್ನಿನಿಂದ ಸ್ವಲ್ಪ ಕಾಲದ ಮೇಲೆ, 1871ರಲ್ಲಿ, ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಬುಡಕಟ್ಟುಗಳ ಪಟ್ಟಿ ಮಾಡಿದರು. ಹುಟ್ಟಿನಿಂದ ಯೋಧ, ಹುಟ್ಟಿನಿಂದ ಕಳ್ಳ: ಎರಡೂ ಒಂದೇ ನಾಣ್ಯದ ಮುಖಗಳು. ಸ್ವಾತಂತ್ರ್ಯ ಬಂದ ಮೇಲೆ 'ಕಳ್ಳ'ನ ಮುಖವನ್ನು ಕಾನೂನಿನಿಂದ ಅಳಿಸಿದೆವು. 'ಯೋಧ'ನ ಮುಖವನ್ನು ಹಾಗೆಯೇ ಚಲಾವಣೆಯಲ್ಲಿ ಬಿಟ್ಟೆವು.

ಕೊಡಗಿನ ಚರಿತ್ರೆಯೂ ಆ ಬಿರುದಿನಷ್ಟು ಸರಳವಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಮೂರು ವರ್ಷ ಕಳೆಯುವುದರೊಳಗೆ ಅಮರಸುಳ್ಯದ ರೈತರು ದಂಗೆ ಎದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲೇ ಗಲ್ಲಿಗೇರಿಸಿದರು. ಒಂದಿಡೀ ನಾಡಿಗೆ 'ನಿಷ್ಠ' ಎಂಬ ಒಂದೇ ಹಣೆಪಟ್ಟಿ ಹಚ್ಚುವುದು ಆ ನಾಡಿನ ಬಂಡಾಯಗಾರರಿಗೂ ಮಾಡುವ ಅವಮಾನ.

ಇಷ್ಟು ಹೇಳಿದಾಗ ಕೊಡವ ಗೆಳೆಯರು ಸಿಟ್ಟಾಗುತ್ತಾರೆ. ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ಒಬ್ಬ ಗೆಳೆಯ, "ನಿಂಗೆ ಕೈಲ್‌ಪೊಳ್ದ್ ದಿನ ನಮ್ಮ ಐನ್‌ಮನೆಗೆ ಕರ್ಕೊಂಡು ಹೋಗ್ತೀನಿ, ಆಮೇಲೆ ಬರಿ ಮಾರಾಯ" ಎಂದಿದ್ದ. ಅವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂ ಏರುತ್ತದೆ, ಪೂಜೆಯಾಗುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಅಲ್ಲಿ ಕೋವಿ ಒಂದು ಭಾಷೆ. ಅದನ್ನು ಕಿತ್ತುಕೊಳ್ಳಿ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ.

ನಾನು ಹೇಳುತ್ತಿರುವುದು ಇಷ್ಟು: ಸಂಸ್ಕೃತಿ ಕಾರಣವಾದರೆ ಸಂಸ್ಕೃತಿ ಎಂದೇ ಬರೆಯಿರಿ. ಸಂವಿಧಾನದ 25ನೇ ವಿಧಿ ಸಿಖ್ಖರ ಕೃಪಾಣವನ್ನು ಧರ್ಮದ ಆಚರಣೆಯ ಭಾಗವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಸಂವಿಧಾನ ಸಭೆ ಚರ್ಚಿಸಿ, ಕಾರಣ ಹೇಳಿ ಬರೆದದ್ದು ಅದು. ಯಾವ ಕಮಿಷನರನೂ ಮೆಚ್ಚಿ ಕೊಟ್ಟ ಇನಾಮಲ್ಲ. ಐನ್‌ಮನೆಯ ಒಂದು ಕೋವಿಗೆ ಅಂಥ ಮಾನ್ಯತೆ ಕೇಳುವುದು ಮರ್ಯಾದೆಯ ಬೇಡಿಕೆ. ಅದಕ್ಕೆ 'ಜನಾಂಗ' ಎಂಬ ಪದ ಯಾಕೆ ಬೇಕು? ಹುಟ್ಟಿದ ಜಾಗ, ಜಾತಿ, ಜನಾಂಗಗಳ ಆಧಾರದ ಮೇಲೆ ಪ್ರಭುತ್ವ ತಾರತಮ್ಯ ಮಾಡಬಾರದು ಎನ್ನುವ ಸಂವಿಧಾನದ ಕೆಳಗೆ ಕೂತು, ಅದೇ ಪ್ರಭುತ್ವ ಜನಾಂಗದ ಹೆಸರಿನಲ್ಲಿ ಬಂದೂಕು ಹಂಚುವುದು ಹೇಗೆ ಸರಿ?

ಕೋವಿ ಅಲ್ಲಿ ಕಾಡಿನ ಅಂಚಿನ ಬದುಕಿಗೆ ಅನಿವಾರ್ಯ ಎನ್ನುವವರಿದ್ದಾರೆ. ಅದೂ ನಿಜವಾದ ಕಾರಣವೇ. ಆದರೆ ಆ ಕಾರಣವನ್ನು ಪೂರ್ತಿಯಾಗಿ ಹಿಡಿದುಕೊಳ್ಳಿ ನೋಡೋಣ. ಕೊಡಗಿನ ಕಾಫಿ ತೋಟದಲ್ಲಿ ಬೆಳಗಿನ ಜಾವ ಆನೆಗೆ ಎದುರಾಗುವವರು ಯಾರು? ಲೈನ್‌ಮನೆಯಿಂದ ಕೆಲಸಕ್ಕೆ ನಡೆದು ಹೋಗುವ ಯರವರು, ಕುರುಬರು, ಪಣಿಯರು. ಆನೆ ತುಳಿದು ಸತ್ತ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವುದು ಕಾರ್ಮಿಕರ ಹೆಸರು. ಆನೆಯನ್ನು ಕೊಲ್ಲಲು ಯಾರಿಗೂ ಅಧಿಕಾರವಿಲ್ಲ, ಇರಲೂಬಾರದು. ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಓಡಿಸುವ ಮಾತಷ್ಟೇ ಇಲ್ಲಿರುವುದು. ಆ ಸದ್ದು ಮಾಡುವ ಹಕ್ಕು ತೋಟದ ಬಂಗಲೆಯಲ್ಲಿದೆ, ಲೈನ್‌ಮನೆಯಲ್ಲಿಲ್ಲ. ಜಮ್ಮಾ ಹಿಡುವಳಿ ಕೊಡವರಲ್ಲದ ಹಲವು ಸಮುದಾಯಗಳಿಗೂ ಉಂಟು, ನಿಜ. ಆದರೆ ಆ ಕಾಡಿನಲ್ಲಿ ಎಲ್ಲರಿಗಿಂತ ಹಳಬರಿಗೆ ಭೂಮಿಯೇ ಇಲ್ಲದಿರುವಾಗ ಜಮ್ಮಾ ಎಲ್ಲಿಂದ ಬರಬೇಕು?

ನಮ್ಮ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಕೊಡಗಿನ ಮೇಲಿನ ಹೊಟ್ಟೆಕಿಚ್ಚಿನಂತೆ ಕಂಡೀತು. ಶಿವಮೊಗ್ಗ ಜಿಲ್ಲೆಯ ನಮ್ಮ ಮನೆಯಲ್ಲಿ ಅಜ್ಜಯ್ಯನ ಕಾಲದ ಒಂದು ಕೇಪಿನ ಕೋವಿ ಇತ್ತು. ನಮ್ಮ ಮಾತಿನಲ್ಲಿ ಕೋವಿಗಳಿಗೆ ಹೆಸರು ಬಂದಿರುವುದೇ ಅವುಗಳ ಒಳಗೆ ಏನು ಹೋಗುತ್ತದೆ, ಎಷ್ಟು ನಳಿಗೆ ಎಂಬುದರಿಂದ: ಕೇಪಿನ ಕೋವಿ, ತೋಟಾಕೋವಿ, ಒಂಟಿನಳಿಗೆ, ಜೋಡುನಳಿಗೆ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಈ ಹೆಸರುಗಳು ಹೊಸವಲ್ಲ. ಕೇಪಿನ ಕೋವಿಗೆ ಬಾಯಿಂದಲೇ ಮದ್ದು, ಚರೆ ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ಒಂದು ಈಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಂದಿ ಪಕ್ಕದೂರು ಸೇರಿರುತ್ತದೆ. ಬೆಳೆ ಕಾಯಲೆಂದು ಕಾಯ್ದೆ ರೈತನಿಗೆ ಮೊದಲು ತೋರಿಸುವುದು ಇದೇ ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು.

ಪ್ರತಿ ಚುನಾವಣೆಗೂ ಅಜ್ಜಯ್ಯ ಆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿ ಠಾಣೆಗೆ ಕೊಟ್ಟು ಬರುತ್ತಿದ್ದರು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಲೆಕ್ಕ ಹಾಕಿದರೆ ಕೋವಿ ಎಷ್ಟೋ ಕಾಲ ಠಾಣೆಯಲ್ಲೇ ಕಳೆಯಿತು. ಹಂದಿಗಳಿಗೆ ನೀತಿಸಂಹಿತೆ ಇಲ್ಲವಲ್ಲ. "ಸ್ವಾಮಿ, ಭತ್ತ ಹಾಲುಗಟ್ಟಿದೆ, ಹದಿನೈದು ದಿನ ಬಿಟ್ಟು ತರ್ತೀನಿ" ಎಂದು ಒಮ್ಮೆ ಕೇಳಿಕೊಂಡರಂತೆ. "ನಿಮಗೊಬ್ಬರಿಗೆ ಬೇರೆ ಕಾನೂನು ಇದೆಯೇನ್ರೀ?" ಎಂಬ ಉತ್ತರ ಬಂತಂತೆ. ಈ ಕಥೆಯನ್ನು ಅಜ್ಜಯ್ಯ ನಗುತ್ತಲೇ ಹೇಳುತ್ತಿದ್ದರು. ಕೆಲವರಿಗೆ ಬೇರೆ ಕಾನೂನು ಇದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರು ತೀರಿಕೊಂಡ ಮೇಲೆ ಅಪ್ಪಯ್ಯ ಅಲೆದು ಅಲೆದು ಸಾಕಾಗಿ ಕೋವಿಯನ್ನು ಒಪ್ಪಿಸಿಬಿಟ್ಟರು. ಈಗ ನಮ್ಮ ತೋಟದಲ್ಲೂ ಕಾರ್ಬೈಡ್ ಪೈಪಿನದೇ ಸದ್ದು.

ನಮಗಿಂತ ಕಷ್ಟದಲ್ಲಿರುವವರು ನಮ್ಮ ಬೇಲಿಯಾಚೆ ಇದ್ದಾರೆ. ಬಗರ್‌ಹುಕುಂ ಜಾಗದಲ್ಲಿ ಎರಡು ಎಕರೆ ಮಾಡಿಕೊಂಡವರು. ನಮ್ಮ ಕಡೆ ಕೋವಿ ಲೈಸೆನ್ಸಿನ ಅರ್ಜಿಯ ಜೊತೆ ಪಹಣಿ ಕೇಳುತ್ತಾರೆ. ಪಹಣಿ ಇಲ್ಲದವನಿಗೆ ಬೆಳೆ ಇಲ್ಲ, ಬೆಳೆ ಇಲ್ಲದವನಿಗೆ ಹಂದಿಯ ಕಾಟವೂ ಇಲ್ಲ ಎಂದು ಕಾಗದ ತೀರ್ಮಾನಿಸುತ್ತದೆ. ಅವನು ಕುಲುಮೆಯಲ್ಲಿ ಮಾಡಿಸಿದ ನಾಡಕೋವಿ ಇಟ್ಟುಕೊಂಡು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಎರಡು ವರ್ಷ ಜೈಲು. ಮಾಡಿಕೊಟ್ಟವನಿಗೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಇದೇ ಸಂಸತ್ತಿನ ತಿದ್ದುಪಡಿ ಬಂದ ಅದೇ ವರ್ಷ, ಅದೇ ಗೃಹ ಇಲಾಖೆ ಜನಾಂಗದ ವಿನಾಯಿತಿಯನ್ನು ಮುಂದುವರಿಸಿತು. ಒಂದು ಕೈ ಬಿಗಿಯಿತು, ಇನ್ನೊಂದು ಕೈ ಸಡಿಲಿಸಿತು. ಬಿಗಿದದ್ದು ಯಾರ ಕೊರಳಿಗೆ ಎಂದು ನೋಡಿದರೆ ಸಾಕು.

ಹಾಗಾದರೆ ಎಲ್ಲರಿಗೂ ಕೋವಿ ಕೊಡಬೇಕೇ ಎಂದು ಕೇಳುತ್ತೀರಿ. ಬೇಡ. ಕೋವಿ ಹೆಚ್ಚಿದ ಮನೆಯಲ್ಲಿ ನೆಮ್ಮದಿ ಹೆಚ್ಚುತ್ತದೆ ಎಂದು ನಾನು ನಂಬುವುದಿಲ್ಲ. ಕುಡಿದ ಕೈಗೆ ಸಿಕ್ಕ ಕೋವಿ, ಅಣ್ಣತಮ್ಮಂದಿರ ಜಗಳದಲ್ಲಿ ಗೋಡೆಯಿಂದಿಳಿದ ಕೋವಿ, ಬೇಟೆಯಲ್ಲಿ ಪೊದೆಯ ಹಿಂದಿನ ಗೆಳೆಯನನ್ನೇ ಹಂದಿಯೆಂದು ಹೊಡೆದ ಕೋವಿ: ಮಲೆನಾಡಿನಲ್ಲಿ ಬೆಳೆದವರೆಲ್ಲ ಈ ಕಥೆಗಳನ್ನು ಕೇಳಿದ್ದೇವೆ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರಿಗೆ ಲೈಸೆನ್ಸ್ ಹೊರಿಸಿದ್ದ 1878ರ ಕಾಯ್ದೆಯ ಅವಮಾನ ಆಗ ಹಸಿಯಾಗಿತ್ತು. ಸಂವಿಧಾನ ಬರೆಯುವಾಗ ಆ ಹಕ್ಕನ್ನು ಬಿಟ್ಟರು, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಉಳಿಸಿದರು. ವಿವೇಕದ ಕೆಲಸ ಎಂದೇ ನನ್ನ ಅಭಿಪ್ರಾಯ. ಬಂದೂಕು ಹಕ್ಕಾಗಬೇಕಿಲ್ಲ. ಆದರೆ ಹಕ್ಕಲ್ಲದ್ದು ಹುಟ್ಟಿನ ಸವಲತ್ತೂ ಆಗಬಾರದು.

ಕೊಡವರು ಬಂದೂಕನ್ನು ದುರುಪಯೋಗ ಮಾಡಿಕೊಂಡಿಲ್ಲ ಎಂಬ ವಾದವೂ ಇದೆ. ಒಳ್ಳೆಯ ನಡತೆ ಕಾರಣವಾದರೆ ನಡತೆಯನ್ನೇ ಒರೆಗೆ ಹಚ್ಚಿ. ನಡತೆ ಒಬ್ಬೊಬ್ಬ ಮನುಷ್ಯನದು, ಕುಲದ್ದಲ್ಲ. ಕೊಡವರಲ್ಲೂ ಕೋವಿ ಕೊಡಬಾರದವರು ಇರಬಹುದು, ಯರವರಲ್ಲಿ ಕೊಡಬಹುದಾದವರು ಇದ್ದೇ ಇರುತ್ತಾರೆ.

ಆಯುಧ ಮತ್ತು ಬಂದೂಕು ಕೇಂದ್ರ ಪಟ್ಟಿಯ ವಿಷಯ. ನಮ್ಮ ವಿಧಾನಸಭೆ ಬಯಸಿದರೂ ವ್ಯಾಖ್ಯಾನ ಬದಲಿಸಲಾರದು. ಆದರೆ ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್‌ಗೆ ಮುಗಿಯುತ್ತದೆ. ಮತ್ತೆ ಮುಂದುವರಿಸುವ ಕಡತ ದೆಹಲಿಯಲ್ಲಿ ಮೇಲೇಳುವ ಮೊದಲು ಕರ್ನಾಟಕದಿಂದ ಒಂದು ಮಾತು ಹೋಗಬೇಕು. ಅಧಿಸೂಚನೆಯಿಂದ 'ಜನಾಂಗ' ಎಂಬ ಪದ ತೆಗೆಯಿರಿ. ಐನ್‌ಮನೆಯ ಆಚರಣೆಯ ಕೋವಿಗೆ ಆಚರಣೆಯ ಹೆಸರಿನಲ್ಲೇ, ನೋಂದಣಿಯೊಂದಿಗೆ ಮಾನ್ಯತೆ ಕೊಡಿ. ಕಾಡಂಚಿನಲ್ಲಿ ಬದುಕುವವರಿಗೆ, ಪಹಣಿ ಇರಲಿ ಬಿಡಲಿ, ಅವರು ನಿಜವಾಗಿ ಉಳುವ ನೆಲವನ್ನೂ ವಾಸಿಸುವ ಜಾಗವನ್ನೂ ನೋಡಿ, ನಡತೆಯನ್ನು ನೋಡಿ, ಒಂದೇ ಅಳತೆಯಲ್ಲಿ ಲೈಸೆನ್ಸ್ ಕೊಡಿ ಅಥವಾ ನಿರಾಕರಿಸಿ. ಒಬ್ಬೊಬ್ಬರಿಗೆ ಕೋವಿ ಕೊಡುವುದು ಅಪಾಯ ಎನಿಸಿದರೆ ಊರಿಗೊಂದು ಕಾವಲು ಪಡೆ ಮಾಡಿ ಅವರಿಗೆ ಕೊಡಿ. ಚುನಾವಣೆಯಲ್ಲಿ ಎಲ್ಲರ ಕೋವಿಯನ್ನೂ ಬಾಚಿಕೊಳ್ಳುವ ಬದಲು ಯಾರ ಮೇಲೆ ಅನುಮಾನವಿದೆಯೋ ಅವರದನ್ನು ಮಾತ್ರ, ಕಾರಣ ಬರೆದುಕೊಟ್ಟು ಪಡೆಯಿರಿ.

ಶಾಲೆಗಳಲ್ಲಿ ಹಲಗಲಿಯ ಲಾವಣಿಯನ್ನು ಈಗಲೂ ಪಾಠ ಮಾಡುವ ಮೇಷ್ಟ್ರುಗಳಿಗೂ ಒಂದು ಬಿನ್ನಹ. ಆ ಪಾಠ ಮುಗಿದ ದಿನ 1857ರ ಜೊತೆಗೆ 1861ನ್ನೂ ಬೋರ್ಡಿನ ಮೇಲೆ ಬರೆಯಿರಿ. ಒಂದೇ ಆಯುಧಕ್ಕೆ ಎರಡು ಕಾನೂನು ಯಾಕಿತ್ತು ಎಂದು ಮಕ್ಕಳನ್ನು ಕೇಳಿ. ಈಗಲೂ ಯಾಕಿದೆ ಎಂದು ಅವರೇ ತಿರುಗಿ ಕೇಳುತ್ತಾರೆ.